ಮಿಲಿಟರಿ ಟ್ರೇಲರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಬೆಳಗಾವಿಯಲ್ಲಿ ಬೆಳೆದವರಿಗೆ ಮಿಲಿಟರಿ ಗಾಡಿ ಹೊಸದಲ್ಲ. ಕ್ಯಾಂಪ್ ಕಡೆ ಹೋದರೆ ಮರಾಠಾ ಲಘು ಪದಾತಿ ದಳದ ಕೇಂದ್ರ, ಸಾಂಬ್ರಾ ಕಡೆ ಹೋದರೆ ವಾಯುಪಡೆಯ ತರಬೇತಿ ಶಾಲೆ. ಚಿಕ್ಕವರಿದ್ದಾಗ ಮಿಲಿಟರಿ ಲಾರಿಯ ಹಿಂದೆ ಎರಡು ಗಾಲಿಯ ಪುಟ್ಟ ಟ್ರೇಲರ್ ಜಿಗಿಯುತ್ತಾ ಹೋಗುವುದನ್ನು ರಸ್ತೆ ಬದಿ ನಿಂತು ನೋಡುತ್ತಿದ್ದೆವು. ಆಗಿನಿಂದ ಇದ್ದ ಆಸೆ ದೊಡ್ಡವನಾದ ಮೇಲೆ ತೀರಿತು. ಈಗ ನನ್ನ ಹತ್ತಿರ ಜೀಪ್ ಹಿಂದೆ ಕಟ್ಟುವ ಕಾಲು ಟನ್ನಿನ ಟ್ರೇಲರ್ ಇದೆ. ಮಿಲಿಟರಿಯವರು ಬೇಡವಾದದ್ದನ್ನು ಮಾರುವ ಡಿಸ್ಪೋಜಲ್ ಹರಾಜಿನಲ್ಲಿ ಯಾರೋ ಕೊಂಡರು, ಅವರಿಂದ ಇನ್ನೊಬ್ಬರಿಗೆ ಹೋಯಿತು, ಕೊನೆಗೆ ನನಗೆ ಬಂತು. ಖಾನಾಪುರ ಕಡೆಯ ಹೊಲಕ್ಕೆ ಪಂಪು, ಪೈಪು, ಬೀಜ, ಗೊಬ್ಬರ ಒಯ್ಯಲು ಅದನ್ನೇ ಬಳಸುತ್ತೇನೆ.

ಇಂಥ ಟ್ರೇಲರ್ ತಂದವರು ಮೊದಲು ಕೇಳುವುದು "ಮೈಕಟ್ಟು ಗಟ್ಟಿ ಇದೆಯಾ" ಅಂತ. ಗಟ್ಟಿ ಇರುತ್ತದೆ, ಕಬ್ಬಿಣ ಸುಲಭಕ್ಕೆ ಹೋಗುವುದಿಲ್ಲ. ಹೋಗುವುದು ಗ್ರೀಸ್, ರಬ್ಬರ್, ವೈರ್ ಮತ್ತು ಬೇರಿಂಗ್. ಅವು ಓಡಿ ಹಾಳಾಗಿರುವುದಿಲ್ಲ, ವರ್ಷಗಟ್ಟಲೆ ಡಿಪೋದಲ್ಲೋ ಗುಜರಿಯಲ್ಲೋ ನಿಂತು ಹಾಳಾಗಿರುತ್ತವೆ. ಹಾಗಾಗಿ ಮೇಲೆ ಡಬ್ಬಿ ಕಟ್ಟಿಸುವುದು, ಬಣ್ಣ ಹೊಡೆಸುವುದು ಆಮೇಲಿನ ಮಾತು. ಮೊದಲು ಖಾಲಿ ಟ್ರೇಲರನ್ನು ಹತ್ತಾರು ಕಿಲೋಮೀಟರ್ ಎಳೆದು ಅದು ಏನು ಹೇಳುತ್ತದೆ ಕೇಳಿ. ಟ್ರೇಲರ್ ನಮ್ಮ ಬೆನ್ನ ಹಿಂದೆ ಇರುತ್ತದೆ. ಅದರ ನೋವು ಸ್ಟೀರಿಂಗ್‌ಗೆ ತಡವಾಗಿ ಗೊತ್ತಾಗುತ್ತದೆ. ನಿಲ್ಲಿಸಿ, ಇಳಿದು, ಮುಟ್ಟಿ ನೋಡಬೇಕು. ಬೇರೆ ದಾರಿ ಇಲ್ಲ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಗಾಲಿ ಪಾನಾ, ಅಳತೆ ಟೇಪ್, ತಂತಿ ಬ್ರಶ್, ಮಲ್ಟಿಮೀಟರ್, ಗ್ರೀಸ್ ಡಬ್ಬಿ, ಒಂದು 12 ವೋಲ್ಟ್ ಬ್ಯಾಟರಿ.

ಪಾನಾ ಹಿಡಿಯುವ ಮುಂಚೆ

ಎರಡು ಗಾಲಿಯ ಟ್ರೇಲರನ್ನು ಜೀಪಿನಿಂದ ಬಿಚ್ಚಿ ಜಾಕ್ ಹಾಕಬೇಡಿ. ಮೂತಿ, ಅಂದರೆ ಜೀಪಿಗೆ ಕಟ್ಟುವ ಮುಂದಿನ ಕಬ್ಬಿಣ, ಏಳುತ್ತದೆ ಇಲ್ಲ ಕುಸಿಯುತ್ತದೆ. ಜೀಪಿಗೆ ಕಟ್ಟಿಯೇ ಇಡಿ, ಎತ್ತದ ಇನ್ನೊಂದು ಬದಿಯ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಕೆಲವು ಮಿಲಿಟರಿ ಗಾಲಿಗಳ ರಿಮ್ ಎರಡು ಹೋಳಿನದು. ಆ ಎರಡನ್ನೂ ನಟ್‌ಗಳ ಒಂದು ಸುತ್ತು ಹಿಡಿದಿರುತ್ತದೆ. ಗಾಲಿಯನ್ನು ಹಬ್ಬಿಗೆ, ಅಂದರೆ ಗಾಲಿ ಕೂರುವ ನಡುವಿನ ಭಾಗಕ್ಕೆ, ಹಿಡಿಯುವ ನಟ್ ಬೇರೆ, ರಿಮ್ ಹೋಳುಗಳನ್ನು ಹಿಡಿಯುವ ನಟ್ ಬೇರೆ. ಟಯರಿನಲ್ಲಿ ಗಾಳಿ ಇರುವಾಗ ರಿಮ್ ನಟ್ ಸಡಿಲ ಮಾಡಿದರೆ ಹೋಳು ಗುಂಡಿನ ಹಾಗೆ ಹಾರುತ್ತದೆ. ಒಳಗಿನ ಸುತ್ತು ಯಾವುದು, ಹೊರಗಿನದು ಯಾವುದು ಅಂತ ಗೊತ್ತಾಗದಿದ್ದರೆ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಪಾನಾ ಇಡಿ. ಬಿಚ್ಚಿ ಜೋಡಿಸುವ ಕೆಲಸವನ್ನು ಲಾರಿ ಟಯರಿನ ಅನುಭವ ಇರುವ ಅಂಗಡಿಗೇ ಕೊಡಿ.

ಹಳೆಯ ಬ್ರೇಕ್ ಲೈನರಿನಲ್ಲಿ (ಡ್ರಮ್ಮಿಗೆ ಉಜ್ಜಿ ಹಿಡಿಯುವ ಪದರ) ಉಸಿರಿಗೆ ಹೋದರೆ ಅಪಾಯದ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದ ಮೇಲೆ ಒಳಗಿನ ಪುಡಿಯನ್ನು ಗಾಳಿಯಿಂದ ಊದಬೇಡಿ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಕಿ.

ಲಕ್ಷಣ: ಒಂದು ಗಾಲಿಯ ಹಬ್ ಬಿಸಿಯಾಗುತ್ತದೆ

ಜಾಸ್ತಿ ಜನಕ್ಕೆ ಬರುವ ತೊಂದರೆ ಇದು. ಅಷ್ಟೇ ಜಾಸ್ತಿ ಜನ ಇದನ್ನು ಗಮನಿಸುವುದಿಲ್ಲ. ನನ್ನದೇ ಉದಾಹರಣೆ ಹೇಳುತ್ತೇನೆ. ಟ್ರೇಲರ್ ತಂದ ಮೊದಲ ವಾರ ಜಾಂಬೋಟಿ ಕಡೆ ಹೊರಟಿದ್ದೆ. ಚಹಾಕ್ಕೆ ನಿಲ್ಲಿಸಿದಾಗ ಸುಟ್ಟ ಎಣ್ಣೆಯ ವಾಸನೆ ಬಂತು. ಜೀಪಿನದು ಅಂದುಕೊಂಡು ಬಾನೆಟ್ ಎತ್ತಿ ನೋಡಿದೆ, ಏನೂ ಇಲ್ಲ. ಹಿಂದೆ ಹೋಗಿ ಎಡ ಹಬ್ಬಿನ ಮುಚ್ಚಳ ಮುಟ್ಟಿದೆ, ಬೆರಳು ಚುರ್ ಅಂತು. ಅಲ್ಲಿಯೇ ನಿಂತೆ. ಇನ್ನೂ ಹತ್ತು ಕಿಲೋಮೀಟರ್ ಹೋಗಿದ್ದರೆ ಬೇರಿಂಗ್ ಕಚ್ಚಿಕೊಂಡು ಗಾಲಿಯೇ ಕಳಚುತ್ತಿತ್ತು.

ಪರೀಕ್ಷೆ ಸುಲಭ. ಹೊರಟು 10 ಕಿಲೋಮೀಟರ್ ಆದ ಮೇಲೆ ಒಮ್ಮೆ, 30 ಆದ ಮೇಲೆ ಒಮ್ಮೆ ನಿಲ್ಲಿಸಿ. ಬ್ರೇಕ್ ಜಾಸ್ತಿ ಬಳಸದೆ ನಿಧಾನವಾಗಿ ನಿಲ್ಲಿಸಿ. ಮೊದಲು ಅಂಗೈಯ ಹಿಂಬದಿಯನ್ನು ಹಬ್ಬಿನ ಹತ್ತಿರ ಹಿಡಿದು ಕಾವು ನೋಡಿ, ಆಮೇಲೆ ಮುಟ್ಟಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಟ್ಟು ಮೂರು ನಾಲ್ಕು ಸೆಕೆಂಡ್ ಹಿಡಿಯಲು ಆಗದಿದ್ದರೆ ತೊಂದರೆ ಇದೆ. ನೀರಿನ ಹನಿ ಬಿಟ್ಟಾಗ ಚುರ್ ಅಂದರೆ ಅಲ್ಲಿಂದ ಮುಂದೆ ಎಳೆಯಬೇಡಿ.

ಈಗ ಎರಡೂ ಕಡೆ ಹೋಲಿಸಿ. ಎರಡೂ ಒಂದೇ ರೀತಿ ಬಿಸಿ ಇದ್ದರೆ ಕಾರಣ ಬಹುತೇಕ ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿಲ್ಲ, ಇಲ್ಲವೇ ಭಾರ ಮಿತಿ ಮೀರಿದೆ. ಇದಕ್ಕೆ ಖರ್ಚೇ ಇಲ್ಲ, ಲಿವರ್ ನೋಡಿ, ಭಾರ ಇಳಿಸಿ. ಒಂದೇ ಕಡೆ ಬಿಸಿ ಇದ್ದರೆ ಎಲ್ಲಿ ಬಿಸಿ ಅಂತ ನೋಡಿ. ನಡುವಿನ ಹಬ್ ಮುಚ್ಚಳ ಜಾಸ್ತಿ ಬಿಸಿ ಇದ್ದರೆ ಬೇರಿಂಗ್. ಹೊರ ಸುತ್ತಿನ ಡ್ರಮ್ ಜಾಸ್ತಿ ಬಿಸಿ ಇದ್ದು ನಡು ತಣ್ಣಗಿದ್ದರೆ ಬ್ರೇಕ್ ಶೂ ಉಜ್ಜುತ್ತಿದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಬೇರಿಂಗ್ ಅನ್ನಿಸಿದರೆ ಗಾಲಿ ಎತ್ತಿ. ಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಡಿದರೆ ನಟ್ ಸಡಿಲ ಆಗಿದೆ. ಏನೂ ಆಡದೆ, ತಿರುಗಿಸಿದಾಗ ಬಿಗಿ ಅನ್ನಿಸಿದರೆ ನಟ್ ಜಾಸ್ತಿ ಬಿಗಿಯಾಗಿದೆ. ಬಿಗಿ ಮಾಡಿದ್ದೇ ಅನೇಕರು ಮಾಡುವ ತಪ್ಪು. ಗಾಲಿ ನಟ್ಟಿನ ಹಾಗೆ ಬೇರಿಂಗ್ ನಟ್ಟನ್ನೂ ಬಲ ಹಾಕಿ ಎಳೆದು ಬಿಡುತ್ತಾರೆ. ನಿಧಾನಕ್ಕೆ ತಿರುಗಿಸಿ ಕಿವಿ ಕೊಡಿ. ಗರ ಗರ ಅಂತ ಮರಳು ಅರೆದ ಸದ್ದು ಬಂದರೆ ಬೇರಿಂಗ್ ಹೋಗಿದೆ.

ಬಿಚ್ಚಿದಾಗ ಗ್ರೀಸ್ ನೋಡಿ. ಹಾಲಿನ ಬಣ್ಣ ಬಂದಿದ್ದರೆ ನೀರು ಸೇರಿದೆ, ಸೀಲ್ ಹೋಗಿದೆ. ಮೇಣದ ಹಾಗೆ ಗಟ್ಟಿಯಾಗಿದ್ದರೆ ಅದು ಹತ್ತಾರು ವರ್ಷದ ಗ್ರೀಸ್. ರೋಲರ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಒಮ್ಮೆ ಸುಟ್ಟದ್ದು, ಮತ್ತೆ ಹಾಕಬಾರದು. ಹೊರ ರೇಸಿನಲ್ಲಿ (ರೋಲರುಗಳು ಉರುಳುವ ಹೊರ ಬಳೆ) ರೋಲರುಗಳ ಅಂತರದಲ್ಲೇ ಸಾಲಾಗಿ ಸಣ್ಣ ಗೀರು ತಗ್ಗು ಕಂಡರೆ ಅದು ನಿಂತು ಆದ ಗಾಯ. ಒಂದೇ ಜಾಗದಲ್ಲಿ ಭಾರ ಕೂತು, ಸಣ್ಣಗೆ ನಡುಗಿ, ಗ್ರೀಸ್ ಹಿಂಡಿ ಹೋಗಿ ಹಾಗಾಗುತ್ತದೆ. ನೋಡಲು ಸಣ್ಣದು, ಆದರೆ ಓಡುವಾಗ ಪ್ರತಿ ತಗ್ಗಿನಲ್ಲೂ ರೋಲರ್ ಬಡಿಯುತ್ತದೆ. ನನ್ನ ಎಡ ಹಬ್ಬಿನಲ್ಲಿ ಇದ್ದದ್ದು ಇದೇ.

ಹೊಸ ಬೇರಿಂಗ್ ತರಲು ಹಳೆಯದನ್ನೇ ಒಯ್ಯಿರಿ. ಅಂಚಿನಲ್ಲಿ ನಂಬರ್ ಕೊರೆದಿರುತ್ತದೆ, ಬೇರಿಂಗ್ ಅಂಗಡಿಯವರು ಅದನ್ನು ನೋಡಿ ಕೊಡುತ್ತಾರೆ. ಒಳಗಿನದು, ಹೊರ ರೇಸ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಸೀಲ್ ಹೊಸದೇ ಹಾಕಿ. ಹಳೆ ಗ್ರೀಸನ್ನು ಡೀಸೆಲ್‌ನಲ್ಲಿ ಪೂರ್ತಿ ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸ ಗ್ರೀಸ್ ಇಟ್ಟು ರೋಲರುಗಳ ಸಂದಿಗೆ ಒತ್ತಿ ತುಂಬಿ. ಎರಡು ಜಾತಿಯ ಗ್ರೀಸ್ ಬೆರೆಸಬೇಡಿ. ಜೋಡಿಸುವಾಗ ಗಾಲಿ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಗಾಲಿ ಬಿಗಿ ಹಿಡಿದಾಗ ನಿಲ್ಲಿಸಿ, ಆಮೇಲೆ ಸುಮಾರು ಕಾಲು ಸುತ್ತು ಹಿಂದಕ್ಕೆ ಬಿಡಿ. ಗಾಲಿ ಸಲೀಸಾಗಿ ತಿರುಗಬೇಕು, ಕೈಗೆ ಕೂದಲೆಳೆಯಷ್ಟು ಮಾತ್ರ ಆಟ ಸಿಗಬೇಕು. ಲಾಕ್ ಪಿನ್ ಹೊಸದು ಹಾಕಿ, ಹಳೆಯದನ್ನು ಬಡಿದು ನೆಟ್ಟಗೆ ಮಾಡಿ ಹಾಕಬೇಡಿ.

ಆಕ್ಸಲ್ ತುದಿಯಲ್ಲಿ ಬೇರಿಂಗ್ ಕೂರುವ ಜಾಗ ಸವೆದು ಬೇರಿಂಗ್ ಅಲ್ಲೇ ಸುತ್ತುತ್ತಿದ್ದರೆ ಕೈ ನಿಲ್ಲಿಸಿ. ಇದು ಮನೆಯ ಕೆಲಸ ಅಲ್ಲ. ಅದೃಷ್ಟಕ್ಕೆ ನಮ್ಮ ಉದ್ಯಮಬಾಗದಲ್ಲಿ ಇಂಥ ಕೆಲಸ ಅರೆದು ಕುಡಿದ ಲೇತ್‌ನವರು ಇದ್ದಾರೆ. ಅಳತೆ ಹಿಡಿದು ಸರಿ ಮಾಡಿ ಕೊಡುತ್ತಾರೆ.

ಸದ್ದಿನ ಬಗ್ಗೆ ಒಂದು ಮಾತು. ಮಿಲಿಟರಿ ಟಯರಿನ ಮೇಲ್ಮೈಯ ದಪ್ಪ ರಬ್ಬರ್ ಕಟ್ಟೆಗಳು ಡಾಂಬರಿನ ಮೇಲೆ ಗುಂಯ್ ಅನ್ನುತ್ತವೆ. ಅದನ್ನು ಬೇರಿಂಗ್ ಅಂತ ತಿಳಿದು ಹಬ್ ಬಿಚ್ಚಿದವರಿದ್ದಾರೆ. ಡಾಂಬರ್ ಬಿಟ್ಟು ಮಣ್ಣಿನ ರಸ್ತೆಗೆ ಇಳಿದಾಗ ಸದ್ದು ಬದಲಾದರೆ ಅದು ಟಯರ್. ರಸ್ತೆ ಯಾವುದಾದರೂ ಒಂದೇ ಸದ್ದು ಬಂದರೆ ಬೇರಿಂಗ್.

ಲಕ್ಷಣ: ಟ್ರೇಲರ್ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತದೆ

ಹೈವೇಯಲ್ಲಿ, ಅದರಲ್ಲೂ ವಂಟಮುರಿ ಘಾಟ್ ಇಳಿಯುವಾಗ ಶುರುವಾಗುತ್ತದೆ. ಮೊದಲು ಕನ್ನಡಿಯಲ್ಲಿ ಸಣ್ಣಗೆ ಕಾಣುತ್ತದೆ. ಆಮೇಲೆ ಜೀಪಿನ ಹಿಂಭಾಗವನ್ನೇ ಎಳೆದಾಡುತ್ತದೆ. ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದು ಮೊದಲು ತಿಳಿದಿರಲಿ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ನೆಟ್ಟಗೆ ಗಟ್ಟಿಯಾಗಿ ಹಿಡಿಯಿರಿ, ಹೊಯ್ದಾಟಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ. ಬ್ರೇಕ್ ಜೋರಾಗಿ ಒತ್ತಬೇಡಿ. ವೇಗ ತಾನಾಗಿ ಇಳಿದಂತೆ ಅದು ನಿಲ್ಲುತ್ತದೆ. ಆಮೇಲೆ ಬದಿಗೆ ನಿಲ್ಲಿಸಿ ಕಾರಣ ಹುಡುಕಿ.

ಕಾರಣ ಹತ್ತಕ್ಕೆ ಎಂಟು ಸಲ ಭಾರ ಹಾಕಿದ ರೀತಿ. ಇದನ್ನು ನನಗೆ ಕಲಿಸಿದವರು ಎತ್ತಿನ ಗಾಡಿ ಹೊಡೆದು ಮುದುಕರಾದ ಪಕ್ಕದ ಹೊಲದ ಕಾಕಾ. ನಾನು ಟಯರ್, ಆಕ್ಸಲ್ ಅಂತ ಒದ್ದಾಡುತ್ತಿದ್ದಾಗ ಬಂದು ನಿಂತು, "ತಮ್ಮಾ, ಹೇರಿದ್ದೆಲ್ಲಾ ಹಿಂದ ಐತಲ್ಲಪಾ, ಮುಂಭಾರ ಎಲ್ಲಿ ಐತಿ?" ಅಂದರು. ಎತ್ತಿನ ಗಾಡಿಗೆ ಹಿಂಭಾರ ಆದರೆ ನೊಗ ಮೇಲೇಳುತ್ತದೆ, ಎತ್ತಿನ ಕುತ್ತಿಗೆ ಎತ್ತಿ ಹಿಡಿಯುತ್ತದೆ. ಟ್ರೇಲರಿಗೂ ಅದೇ ಲೆಕ್ಕ. ಆಕ್ಸಲಿನ ಹಿಂದೆ ಭಾರ ಜಾಸ್ತಿ ಆದರೆ ಮೂತಿ ಹಗುರಾಗಿ, ಕೊಂಡಿಯನ್ನು ಮೇಲೆತ್ತುತ್ತಾ ಬಾಲ ಬೀಸುತ್ತದೆ.

ಮುಂಭಾರ ಎಷ್ಟಿರಬೇಕು? ಟ್ರೇಲರ್ ಮತ್ತು ಹೇರಿದ ಮಾಲು ಸೇರಿ ಆಗುವ ಒಟ್ಟು ತೂಕದ 10ರಿಂದ 15 ಶೇಕಡಾ ಕೊಂಡಿಯ ಮೇಲೆ ಕೂರಬೇಕು. ಎರಡನೇ ಮಹಾಯುದ್ಧದ ಜೀಪ್ ಟ್ರೇಲರನ್ನೇ ತೆಗೆದುಕೊಳ್ಳಿ. ಖಾಲಿ ಇದ್ದಾಗ ಸುಮಾರು 250 ಕೆಜಿ. ಕಚ್ಚಾ ರಸ್ತೆಗೆ ಅದರ ಮೇಲೆ 500 ಪೌಂಡ್, ಅಂದರೆ ಸುಮಾರು 225 ಕೆಜಿ ಹಾಕಬಹುದು ಅಂತ ಲೆಕ್ಕ. ಎರಡೂ ಸೇರಿದಾಗ ಮುಂಭಾರ 50ರಿಂದ 70 ಕೆಜಿ ಇರಬೇಕು. ಅಳೆಯಲು ಕಾಳಿನ ಅಂಗಡಿಯ ತೂಕದ ಯಂತ್ರ ಸಾಕು. ಮಾಲು ಹೇರಿದ ಮೇಲೆ, ಸಮ ನೆಲದಲ್ಲಿ, ಗಾಲಿಗೆ ಕಲ್ಲು ಕೊಟ್ಟು, ಮೂತಿಯ ತುದಿಯ ಉಂಗುರದ ಕೆಳಗೆ ಜೀಪ್ ಕೊಂಡಿಯ ಎತ್ತರಕ್ಕೆ ಮರದ ತುಂಡು ನಿಲ್ಲಿಸಿ ಅದನ್ನು ಯಂತ್ರದ ಮೇಲೆ ಕೂರಿಸಿ. ಇಬ್ಬರು ಇರಲಿ. ಕಡಿಮೆ ಬಂದರೆ ಪಂಪು, ಗೊಬ್ಬರದ ಚೀಲ ಮುಂದಕ್ಕೆ ಸರಿಸಿ. ದುಡ್ಡು ಖರ್ಚಿಲ್ಲದ ರಿಪೇರಿ.

ಮುಂಭಾರ ಸರಿ ಇದ್ದೂ ಹೊಯ್ದಾಡಿದರೆ ಟಯರ್ ಗಾಳಿ ನೋಡಿ, ಎರಡೂ ಕಡೆ ಒಂದೇ ಇರಬೇಕು. ಆಮೇಲೆ ದೂರ ನಿಂತು ಬದಿಯಿಂದ ನೋಡಿ. ಟ್ರೇಲರ್ ನೆಲಕ್ಕೆ ಸಮವಾಗಿ ಇದೆಯಾ? ಮಿಲಿಟರಿ ಲಾರಿಯ ಹಿಂದೆ ಎಳೆಯಲು ಮಾಡಿದ ದೊಡ್ಡ ಟ್ರೇಲರನ್ನು ಪಿಕಪ್ ಹಿಂದೆ ಕಟ್ಟಿದರೆ ಎತ್ತರ ಕೂಡುವುದಿಲ್ಲ. ಮೂತಿ ಆಕಾಶ ನೋಡುತ್ತಿದ್ದರೆ ಭಾರ ಹಿಂದಕ್ಕೆ ಜಾರುತ್ತದೆ. ಕೊಂಡಿಯ ಎತ್ತರ ಬದಲಿಸಬೇಕೇ ಹೊರತು ಟ್ರೇಲರಿನ ಮೂತಿಯ ಕಬ್ಬಿಣ ಬಗ್ಗಿಸಬಾರದು.

ಇಷ್ಟೆಲ್ಲ ಸರಿ ಇದ್ದೂ ಆಟ ನಿಲ್ಲದಿದ್ದರೆ ಮುಂದಿನ ಎರಡು ಭಾಗ ನೋಡಿ. ಕೊಂಡಿ ಅಥವಾ ಆಕ್ಸಲ್ ಜಾಗ ತಪ್ಪಿದೆ.

ಲಕ್ಷಣ: ಗೇರ್ ಬದಲಿಸಿದಾಗ ಹಿಂದೆ ಠಣ್ ಅನ್ನುತ್ತದೆ

ಮಿಲಿಟರಿ ಕೊಂಡಿ ಅಂದರೆ ಬಾಯಿ ಮುಚ್ಚುವ ಕೊಕ್ಕೆ, ಅದರೊಳಗೆ ಟ್ರೇಲರಿನ ದಪ್ಪ ಉಂಗುರ. ಇವೆರಡರ ನಡುವೆ ಸ್ವಲ್ಪ ಆಟ ಇರಲೇಬೇಕು. ಹಳ್ಳ ದಿಣ್ಣೆಯಲ್ಲಿ ಟ್ರೇಲರ್ ತಿರುಚಿಕೊಳ್ಳಲಿ ಅಂತಲೇ ಹಾಗೆ ಮಾಡಿದ್ದು. ಆದ್ದರಿಂದ ಸಣ್ಣ ಟಕ್ ಸದ್ದಿಗೆ ಹೆದರಬೇಡಿ. ಸದ್ದು ದಿನದಿನಕ್ಕೆ ಜಾಸ್ತಿ ಆಗುತ್ತಿದ್ದರೆ ಮಾತ್ರ ನೋಡಬೇಕು.

ಮೊದಲು ಕೊಂಡಿಯನ್ನು ಜೀಪಿಗೆ ಹಿಡಿದ ಬೋಲ್ಟ್‌ಗಳು ಬಿಗಿ ಇವೆಯಾ ನೋಡಿ, ಬಹಳ ಸಲ ಅಲ್ಲೇ ಮುಗಿಯುತ್ತದೆ. ಆಮೇಲೆ ಉಂಗುರವನ್ನು ಒರೆಸಿ, ಸವೆದ ಜಾಗದ ದಪ್ಪ ಮತ್ತು ಸವೆಯದ ಜಾಗದ ದಪ್ಪ ಕ್ಯಾಲಿಪರಿನಿಂದ ಅಳೆಯಿರಿ. ಹತ್ತರಲ್ಲಿ ಒಂದು ಭಾಗ ಸವೆದಿದ್ದರೆ ನಾನು ಉಂಗುರ ಬದಲಿಸುತ್ತೇನೆ. ಕೂದಲೆಳೆಯ ಬಿರುಕು ಕಂಡರೆ ಅವತ್ತೇ ಬದಲಿಸಬೇಕು. ಸವೆದ ಉಂಗುರದ ಮೇಲೆ ವೆಲ್ಡಿಂಗ್ ತುಂಬಿಸಿ ದಪ್ಪ ಮಾಡಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಬೇಡ ಅನ್ನಿ. ಬಡಿದು ಹದ ಮಾಡಿದ ಉಕ್ಕು ವೆಲ್ಡಿಂಗ್ ಕಾವಿಗೆ ಹದ ಕಳೆದುಕೊಳ್ಳುತ್ತದೆ, ಒಂದು ದಿನ ಹೇಳದೇ ಕೇಳದೇ ತುಂಡಾಗುತ್ತದೆ.

ಕೊಕ್ಕೆಯ ಮೇಲಿನ ಲಾಕ್ ಪಿನ್ ಇಲ್ಲದೆ, ಎರಡು ಸುರಕ್ಷಾ ಸರಪಳಿ ಇಲ್ಲದೆ ರಸ್ತೆಗೆ ಇಳಿಯಬೇಡಿ. ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ. ಉಂಗುರ ಕಳಚಿದರೂ ಮೂತಿ ನೆಲಕ್ಕೆ ಚುಚ್ಚದೆ ಸರಪಳಿಯ ಮೇಲೆ ಕೂರುತ್ತದೆ.

ಲಕ್ಷಣ: ಟ್ರೇಲರ್ ಓರೆಯಾಗಿ ಬರುತ್ತದೆ, ಒಂದು ಟಯರ್ ಬೇಗ ಸವೆಯುತ್ತದೆ

ಹಿಂದಿನಿಂದ ಬರುವ ಸ್ನೇಹಿತರೇ ಇದನ್ನು ಮೊದಲು ಹೇಳುತ್ತಾರೆ. ಟೇಪ್ ಹಿಡಿಯಿರಿ. ಉಂಗುರದ ನಡುವಿನಿಂದ ಎಡ ಆಕ್ಸಲ್ ತುದಿಗೆ ಎಷ್ಟು, ಬಲ ತುದಿಗೆ ಎಷ್ಟು? ಎರಡೂ ಒಂದೇ ಇರಬೇಕು. ಐದಾರು ಮಿಲಿಮೀಟರ್ ಮೀರಿ ವ್ಯತ್ಯಾಸ ಬಂದರೆ ಆಕ್ಸಲ್ ಸರಿದಿದೆ.

ಸರಿಯಲು ಸಾಮಾನ್ಯ ಕಾರಣ ಕಮಾನು ಪಟ್ಟಿಗಳನ್ನು (ಸ್ಪ್ರಿಂಗ್ ಪ್ಲೇಟ್) ಒಟ್ಟು ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿರುವುದು. ಅದು ತುಂಡಾಗುವುದಕ್ಕೆ ಕಾರಣ ಆಕ್ಸಲನ್ನು ಕಮಾನಿಗೆ ಕಟ್ಟುವ ಯು ಬೋಲ್ಟ್ ಸಡಿಲ ಇರುವುದು. ಹಾಗಾಗಿ ಬರೀ ಸೆಂಟರ್ ಬೋಲ್ಟ್ ಹಾಕಿ ಕೈ ತೊಳೆದುಕೊಳ್ಳಬೇಡಿ. ಯು ಬೋಲ್ಟ್ ಹೊಸದು ಹಾಕಿ, ಬಿಗಿ ಮಾಡಿ, 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಗಾಲಿ ನಟ್ಟುಗಳಿಗೂ ಇದೇ ಮಾತು. ಅಂದ ಹಾಗೆ ಹಳೆಯ ಜೀಪ್ ಮಾದರಿಯ ಗಾಡಿಗಳಲ್ಲಿ ಎಡಗಡೆಯ ಗಾಲಿ ನಟ್ಟಿಗೆ ಎಡ ಮರೆ, ಅಂದರೆ ಉಲ್ಟಾ ದಿಕ್ಕಿಗೆ ತಿರುಗುವ ಥ್ರೆಡ್, ಇರಬಹುದು. ತುದಿಯಲ್ಲಿ ಎಲ್ ಅಕ್ಷರ ಇದೆಯಾ ನೋಡಿ. ಗೊತ್ತಿಲ್ಲದೆ ಬಿಚ್ಚುತ್ತೇನೆ ಅಂತ ಬಲ ಹಾಕಿದರೆ ಸ್ಟಡ್ ಮುರಿಯುತ್ತದೆ.

ಪಟ್ಟಿ ಮುರಿದಿದ್ದರೆ ಹೊಸದೇ ಹಾಕಿಸಿ. ಕಬ್ಬಿನ ಟ್ರ್ಯಾಲಿಗಳ ಊರು ನಮ್ಮದು, ಕಮಾನು ಪಟ್ಟಿ ಮಾಡುವವರಿಗೆ ಬರ ಇಲ್ಲ. ಪಟ್ಟಿಗೆ ವೆಲ್ಡಿಂಗ್ ಮಾಡಲೇಬಾರದು. ಟೇಪಿನ ಅಳತೆ ಸರಿ ಬಂದೂ ಟಯರ್ ಒಳ ಅಂಚಿನಲ್ಲೋ ಹೊರ ಅಂಚಿನಲ್ಲೋ ಸವೆಯುತ್ತಿದ್ದರೆ ಆಕ್ಸಲ್ ಬಗ್ಗಿದೆ. ಅದನ್ನು ನೆಟ್ಟಗೆ ಮಾಡುವುದು ಪ್ರೆಸ್ ಇರುವ ವರ್ಕ್‌ಶಾಪಿನ ಕೆಲಸ.

ಟಯರಿನ ವಯಸ್ಸನ್ನೂ ಓದಿ. ಟಯರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 1809 ಅಂದರೆ 2009ರ 18ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನ ಟಯರ್. ಕಟ್ಟೆ ಎಷ್ಟೇ ಚೆನ್ನಾಗಿ ಕಾಣಲಿ, ಅದನ್ನು ಹೈವೇಗೆ ತರಬೇಡಿ. ಜೀಪ್ ಟ್ರೇಲರಿಗೆ ಬರುವ 6.00-16 ಅಳತೆಯ ಟಯರ್ ಈಗಲೂ ಸಿಗುತ್ತದೆ.

ಲಕ್ಷಣ: ದೀಪ ಮಂಕು, ಅಥವಾ ಇಂಡಿಕೇಟರ್ ಹಾಕಿದರೆ ಬೇರೆ ದೀಪ ಮಿನುಗುತ್ತದೆ

ಕಬ್ಬಿನ ಸೀಜನ್ನಿನಲ್ಲಿ ರಾತ್ರಿ ಬೈಲಹೊಂಗಲ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು, ದೀಪ ಇಲ್ಲದ ಟ್ರ್ಯಾಲಿ ಎಷ್ಟು ಭಯ ಹುಟ್ಟಿಸುತ್ತದೆ ಅಂತ. ನಮ್ಮ ಟ್ರೇಲರ್ ಆ ಸಾಲಿಗೆ ಸೇರಬಾರದು.

ಎಲ್ಲ ದೀಪವೂ ಮಂಕಾಗಿ, ಕೆಂಡದ ಹಾಗೆ ಉರಿಯುತ್ತಿದ್ದರೆ ಮೊದಲು ಬಲ್ಬ್ ತೆಗೆದು ಓದಿ. ಎರಡನೇ ಮಹಾಯುದ್ಧದ ಜೀಪ್ ಟ್ರೇಲರುಗಳು 6 ವೋಲ್ಟಿನವು. ಆಮೇಲೆ ಬಂದ ಮಿಲಿಟರಿ ಗಾಡಿಗಳು ಬಹುತೇಕ 24 ವೋಲ್ಟ್. ನಮ್ಮ ಜೀಪು, ಪಿಕಪ್ಪು 12 ವೋಲ್ಟ್. 24ರ ಬಲ್ಬನ್ನು 12ಕ್ಕೆ ಕೊಟ್ಟರೆ ಮಂಕಾಗಿ ಉರಿಯುತ್ತದೆ, 6ರ ಬಲ್ಬನ್ನು ಕೊಟ್ಟರೆ ಫಕ್ ಅಂತ ಸುಟ್ಟು ಹೋಗುತ್ತದೆ. ಬಲ್ಬ್ ಬದಲಿಸಿದರೆ ಆಯಿತು. ಇಷ್ಟಕ್ಕೆ ವೈರಿಂಗ್ ಪೂರ್ತಿ ಕಿತ್ತು ಹಾಕಿಸಿದ ಒಬ್ಬರನ್ನು ನಾನು ಬಲ್ಲೆ.

ಇನ್ನೊಂದು ಗೊಂದಲ. ಮಿಲಿಟರಿ ದೀಪದ ಡಬ್ಬಿಯಲ್ಲಿ ಒಂದು ಚಿಕ್ಕ ಕಿಂಡಿಯ ದೀಪ ಇರುತ್ತದೆ, ಬ್ಲ್ಯಾಕೌಟ್ ದೀಪ ಅಂತ. ಮೇಲಿನಿಂದ ವಿಮಾನಕ್ಕೆ ಕಾಣದಂತೆ, ಹಿಂದಿನ ಗಾಡಿಗೆ ಮಾತ್ರ ಕಾಣುವಂತೆ ಬೇಕೆಂದೇ ಮಂಕಾಗಿ ಮಾಡಿದ್ದು. ಅದು ದೋಷ ಅಲ್ಲ. ಆದರೆ ಅದನ್ನು ಟೇಲ್ ದೀಪವಾಗಿ ನಂಬಿ ರಸ್ತೆಗೆ ಬರಬೇಡಿ. ನೋಡಲು ಚೆಂದ ಅಂತ ಉಳಿಸಿಕೊಳ್ಳಿ, ಪಕ್ಕದಲ್ಲಿ ಮಾಮೂಲಿ ದೀಪ ಹಾಕಿಸಿ, ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ.

ಇಂಡಿಕೇಟರ್ ಹಾಕಿದಾಗ ಟೇಲ್ ದೀಪವೂ ಜೊತೆಗೆ ಮಿನುಗಿದರೆ, ಬ್ರೇಕ್ ಒತ್ತಿದಾಗ ಎಲ್ಲವೂ ಮಂಕಾದರೆ, ಬಲ್ಬಿನ ತಪ್ಪಲ್ಲ. ಅರ್ತ್ ಹೋಗಿದೆ. ಕರೆಂಟಿಗೆ ವಾಪಸು ಹೋಗಲು ದಾರಿ ಇಲ್ಲದೆ ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಟ್ರೇಲರಿನ ಅರ್ತ್ ಕೊಂಡಿಯ ಕಬ್ಬಿಣದ ಮೂಲಕ ಸಿಗುತ್ತದೆ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಗ್ರೀಸ್, ತುಕ್ಕು ಸೇರಿದ ಕೊಂಡಿ ಒಮ್ಮೆ ಕೊಡುತ್ತದೆ, ಒಮ್ಮೆ ಕೊಡುವುದಿಲ್ಲ. ಪ್ಲಗ್ಗಿನಿಂದ ಟ್ರೇಲರ್ ಚಾಸಿಗೆ ಬೇರೆಯೇ ದಪ್ಪ ಅರ್ತ್ ವೈರ್ ಎಳೆಯಿರಿ. ಕಟ್ಟುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಕಾಣಲಿ. ಕಟ್ಟಿದ ಮೇಲೆ ಸ್ವಲ್ಪ ಗ್ರೀಸ್ ಸವರಿ.

ದೋಷ ಜೀಪಿನದೋ ಟ್ರೇಲರಿನದೋ ಅಂತ ಬೇರ್ಪಡಿಸಲು 12 ವೋಲ್ಟ್ ಬ್ಯಾಟರಿ ಇದೆಯಲ್ಲ, ಅದನ್ನು ನೇರವಾಗಿ ಟ್ರೇಲರಿನ ಪ್ಲಗ್ಗಿಗೆ ಕೊಟ್ಟು ನೋಡಿ. ಮಧ್ಯೆ ಒಂದು ಫ್ಯೂಸ್ ಇರಲಿ. ಬ್ಯಾಟರಿಯಲ್ಲಿ ಚೆನ್ನಾಗಿ ಉರಿದು ಜೀಪಿಗೆ ಕಟ್ಟಿದಾಗ ಉರಿಯದಿದ್ದರೆ ಟ್ರೇಲರ್ ಬಿಡಿ, ಜೀಪಿನ ಸಾಕೆಟ್ ನೋಡಿ. ಫ್ಯೂಸ್ ಪದೇ ಪದೇ ಹೋದರೆ ಎಲ್ಲೋ ವೈರ್ ಚಾಸಿಗೆ ತಾಗಿದೆ. ದಪ್ಪ ಫ್ಯೂಸ್ ಹಾಕಿ ಮುಂದೆ ಹೋಗಬೇಡಿ, ವೈರ್ ಹೊತ್ತಿಕೊಳ್ಳುತ್ತದೆ. ಚಾಸಿಯ ತೂತುಗಳಲ್ಲಿ ರಬ್ಬರ್ ಬುಷ್ ಹರಿದ ಜಾಗಗಳನ್ನು ಮೊದಲು ಹುಡುಕಿ.

ಲಕ್ಷಣ: ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಅಥವಾ ಹಿಡಿದದ್ದು ಬಿಡುವುದಿಲ್ಲ

ಹಿಡಿಯದಿದ್ದರೆ ಮೊದಲು ಕೇಬಲ್ ಅಥವಾ ಸರಳು ನೋಡಿ, ಉದ್ದ ಸರಿ ಮಾಡುವ ನಟ್ ಇರುತ್ತದೆ. ಅದನ್ನು ತಿರುಗಿಸಿಯೂ ಹಿಡಿಯದಿದ್ದರೆ ಲೈನರ್ ಸವೆದಿದೆ, ಇಲ್ಲ ಸೀಲ್ ಸೋರಿ ಗ್ರೀಸ್ ಕುಡಿದಿದೆ. ಗ್ರೀಸ್ ಕುಡಿದ ಲೈನರ್ ತೊಳೆದರೆ ಬರುವುದಿಲ್ಲ. ಬಿಡದಿದ್ದರೆ ಕೇಬಲ್ ಒಳಗೆ ತುಕ್ಕು ಹಿಡಿದಿದೆ, ಅಥವಾ ಶೂ ಡ್ರಮ್ಮಿಗೆ ಅಂಟಿಕೊಂಡಿದೆ. ಖಾನಾಪುರ, ಕಣಕುಂಬಿ ಕಡೆ ಮಳೆಗಾಲ ಪೂರ್ತಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದರೆ ಹೀಗೇ ಆಗುತ್ತದೆ. ಜೀಪಿನಿಂದ ಜಗ್ಗಿ ಬಿಡಿಸಲು ಹೋದರೆ ಲೈನರ್ ಕಿತ್ತು ಬರುತ್ತದೆ. ಗಾಲಿ ಎತ್ತಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸವದತ್ತಿ ಕಡೆಯ ಎರೆ ಮಣ್ಣಿನಲ್ಲಿ ಓಡಿಸಿದ ಟ್ರೇಲರಾದರೆ ಡ್ರಮ್ ಒಳಗೆ ಒಣಗಿದ ಎರೆ ಇಟ್ಟಿಗೆಯ ಹಾಗೆ ಕೂತಿರುತ್ತದೆ, ಬಿಚ್ಚಿ ತೊಳೆಯಲೇಬೇಕು. ದೀರ್ಘ ಕಾಲ ನಿಲ್ಲಿಸುವಾಗ ಬ್ರೇಕ್ ಬಿಟ್ಟು ಗಾಲಿಗೆ ಕಲ್ಲು ಕೊಡಿ.

ಜೀಪ್ ಟ್ರೇಲರಿಗೆ ನಿಲ್ಲಿಸುವ ಬ್ರೇಕ್ ಮಾತ್ರ ಇರುತ್ತದೆ, ಓಡುವಾಗಿನ ಬ್ರೇಕ್ ಇಲ್ಲ. ಚೋರ್ಲಾ ಘಾಟ್ ಇಳಿಯುವಾಗ ಹಿಂದಿನಿಂದ ಯಾರೋ ನೂಕಿದ ಹಾಗೆ ಅನ್ನಿಸುವುದು ಅದಕ್ಕೇ. ಇಳಿಜಾರು ಶುರುವಾಗುವ ಮುಂಚೆಯೇ ಕಡಿಮೆ ಗೇರಿಗೆ ಬನ್ನಿ. ಒಂದು ಟನ್ನಿನ ಮೇಲಿನ ಟ್ರೇಲರುಗಳಲ್ಲಿ ಓಡುವಾಗಿನ ಬ್ರೇಕ್ ಇದ್ದರೆ, ಅದು ಎಣ್ಣೆಯದಾಗಲಿ ಗಾಳಿಯದಾಗಲಿ, ಬಲ್ಲ ಮಿಸ್ತ್ರಿಯ ಕೈಗೆ ಕೊಡಿ. ಅದನ್ನು ಕಿತ್ತು ಹಾಕಿ ಬರೀ ಜೀಪಿನ ಬ್ರೇಕ್ ನಂಬಿ ಎಳೆಯಬೇಡಿ.

ಲಕ್ಷಣ: ನೆಲದಲ್ಲಿ ನೀರು ನಿಲ್ಲುತ್ತದೆ, ತುಕ್ಕು ಉದುರುತ್ತದೆ

ಯುದ್ಧಕಾಲದ ಜೀಪ್ ಟ್ರೇಲರಿನ ತೊಟ್ಟಿ ನೀರಿನ ಮೇಲೆ ತೇಲುವಂತೆ ಮಾಡಿದ್ದು. ಹೊಳೆ ದಾಟುವಾಗ ಸಾಮಾನು ನೆನೆಯಬಾರದು ಅಂತ. ನೀರು ಒಳಗೆ ಬರದ ತೊಟ್ಟಿಯಿಂದ ನೀರು ಹೊರಗೂ ಹೋಗುವುದಿಲ್ಲ. ಅದಕ್ಕೆ ನೆಲದಲ್ಲಿ ಬಿರಡೆ ಇಟ್ಟಿರುತ್ತಾರೆ. ಹಳೆಯ ಬಣ್ಣದ ಪದರದ ಕೆಳಗೆ ಅವು ಮುಚ್ಚಿ ಹೋಗಿರುತ್ತವೆ. ಹೊಸ ತೂತು ಕೊರೆಯುವ ಮುಂಚೆ ಅವನ್ನು ಹುಡುಕಿ ತೆರೆಯಿರಿ.

ತುಕ್ಕು ಎಷ್ಟು ಆಳ ಅಂತ ತಿಳಿಯಲು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಠಣ್ ಅಂದರೆ ಕಬ್ಬಿಣ ಇದೆ, ದಬ್ ಅಂದರೆ ಬರೀ ತುಕ್ಕು. ಅಲ್ಲಿ ತುದಿಯಿಂದ ಚುಚ್ಚಿ. ನೆಲದ ತಗಡಿಗೆ ಪ್ಯಾಚ್ ಹಾಕಬಹುದು. ಆದರೆ ಮೂತಿಯ ಕಬ್ಬಿಣ, ಚಾಸಿ ಮತ್ತು ಕಮಾನು ಹಿಡಿಯುವ ಬ್ರಾಕೆಟ್ಟಿನಲ್ಲಿ ತುದಿ ಒಳಗೆ ಹೋದರೆ, ಆ ಟ್ರೇಲರನ್ನು ರಸ್ತೆಗೆ ತರುವುದು ಅಲ್ಲಿಗೆ ನಿಲ್ಲಿಸಿ, ಬಲ್ಲವರಿಗೆ ತೋರಿಸಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರ ಇಡಿ.

ಟ್ಯಾಂಕ್ ಟ್ರೇಲರ್ ಕೊಂಡವರಿಗೆ ಒಂದು ಎಚ್ಚರಿಕೆ. ಅದು ನೀರಿನದು ಅಂತ ಮಾರಿದವರು ಹೇಳಿದರೂ ಹಿಂದೆ ಡೀಸೆಲ್ ಇಟ್ಟಿರಬಹುದು. ಖಾಲಿ ಟ್ಯಾಂಕಿನೊಳಗೆ ಉಳಿದ ಆವಿಗೆ ವೆಲ್ಡಿಂಗ್ ಕಿಡಿ ತಾಗಿದರೆ ಸ್ಫೋಟ ಆಗುತ್ತದೆ. ಅದನ್ನು ಬಿಸಿನೀರು, ಹಬೆಯಿಂದ ತೊಳೆದು ಪರೀಕ್ಷಿಸುವ ಅನುಭವ ಇದ್ದವರೇ ಮುಟ್ಟಬೇಕು. ಅಂಥ ಟ್ಯಾಂಕಿನ ನೀರನ್ನು ಕುಡಿಯಲು ಬಳಸಲೇಬೇಡಿ.

ಲಕ್ಷಣ: ಎಲ್ಲ ಸರಿ ಇದೆ, ಆದರೆ ರಸ್ತೆಯಲ್ಲಿ ನಿಲ್ಲಿಸುತ್ತಾರೆ

ಇದಕ್ಕೆ ಕಾರಣ ಬಣ್ಣ ಮತ್ತು ಕಾಗದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ನಮ್ಮ ಗಾಡಿಗೆ ಅದನ್ನು ಹೊಡೆಯುವಂತಿಲ್ಲ. ಆ ಬಣ್ಣ ಇಲ್ಲದೆ ಮಿಲಿಟರಿ ಟ್ರೇಲರ್ ಅನ್ನಿಸುವುದೇ ಇಲ್ಲ ಅನ್ನುವವರ ಸಂಕಟ ನನಗೆ ಅರ್ಥ ಆಗುತ್ತದೆ. ಆದರೂ ಬಿಡಬೇಕು. ಮೇಲ್ಮುಖ ಬಾಣದ ಗುರುತಿರುವ ಹಳೆಯ ಮಿಲಿಟರಿ ನಂಬರನ್ನೂ ಅಳಿಸಬೇಕು.

ಹರಾಜಿನ ಮೂಲ ಕಾಗದ ಇಲ್ಲದ ಟ್ರೇಲರ್ ಎಷ್ಟೇ ಅಗ್ಗ ಇರಲಿ, ಕೊಳ್ಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ, ನೋಂದಣಿ ಬೇಕು. ಕಾಗದ ಹಿಡಿದು ಆರ್‌ಟಿಒ ಕಚೇರಿಗೆ ಮೊದಲು ಹೋಗಿ. ಉದ್ದ ಅಗಲ ಬದಲಿಸುವುದಿದ್ದರೆ, ಮೇಲೆ ಡಬ್ಬಿ ಕಟ್ಟಿಸುವುದಿದ್ದರೆ, ವೆಲ್ಡಿಂಗ್‌ಗೂ ಮುಂಚೆ ಕೇಳಿ ಬನ್ನಿ.

ನನ್ನ ಟ್ರೇಲರಿಗೆ ಈಗ ಬೂದು ಬಣ್ಣ ಹೊಡೆದಿದ್ದೇನೆ. ಕೆರೆಯುವಾಗ ಒಂದರ ಮೇಲೊಂದು ಹಸಿರಿನ ಹಲವು ಪದರ ಬಂದವು. ಮೂತಿಯ ಹತ್ತಿರದ ಹಿತ್ತಾಳೆಯ ತಯಾರಿಕಾ ಪಟ್ಟಿಯನ್ನು ಮಾತ್ರ ಬಿಚ್ಚದೆ, ಸೀಮೆಎಣ್ಣೆಯಲ್ಲಿ ಒರೆಸಿ, ಅಕ್ಷರ ಕಾಣುವಂತೆ ಹಾಗೇ ಬಿಟ್ಟಿದ್ದೇನೆ.